ಪಪ್ಪಾಯಿ ತಿಂದೋರು ಯಾರು ಅಂತ ನೋಡೋಕೆ ಹಿತ್ತಲಿಗೊಂದು ರಾತ್ರಿ ಕ್ಯಾಮೆರಾ

ದೀಪಾವಳಿ ಮುಗಿದ ಮುಂದಿನ ವಾರ ಶುರುವಾಗಿದ್ದು ಇದು. ನಮ್ಮನೆ ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ, ಮನೆ ಹಿಂದೆ ಹಿತ್ತಲು, ಹಿತ್ತಲು ಮುಗಿಯೋ ಕಡೆ ಹಳೇ ಕಲ್ಲಿನ ಪಾಗಾರ, ಅದರಾಚೆ ಅಗಳು, ಅಗಳು ದಾಟಿದ್ರೆ ಸೊಪ್ಪಿನಬೆಟ್ಟ. ಹಿತ್ತಲಲ್ಲಿ ಎರಡು ಪಪ್ಪಾಯಿ ಮರ, ಒಂದು ಚಿಕ್ಕು, ಏಳೆಂಟು ಬುಡ ಬಾಳೆ, ನಾಲ್ಕು ಕಾಫಿ ಗಿಡ, ಅಮ್ಮನ ಬಸಳೆ ಚಪ್ಪರ. ನಾಳೆ ಕೊಯ್ಯೋಣ ಅಂತ ಬಿಟ್ಟ ಪಪ್ಪಾಯಿ ಬೆಳಿಗ್ಗೆ ಎದ್ದು ನೋಡಿದ್ರೆ ಮರದಲ್ಲೇ ಅರ್ಧ ಖಾಲಿ, ಒಳಗೆ ಬಟ್ಟಲು ತರ ಕೊರೆದಿಟ್ಟಿರೋದು. ಅಮ್ಮ ಬಾವಲಿ ಅಂದ್ರು. ಪಕ್ಕದ ಮನೆ ಗೌಡ್ರು ಉಣಗೋಲು ದಾಟಿ ಬಂದು ತಲೆ ಎತ್ತಿ ನೋಡಿ "ಬಾವಲಿ ಅಲ್ಲ ಮಾರಾಯ, ಕಬ್ಬೆಕ್ಕು. ನಮ್ಮನೆ ಕೋಳಿ ಎರಡು ಹೋಯ್ತು, ಅದ್ರದ್ದೇ ಕೆಲ್ಸ. ಈ ಸಲ ಉರುಳು ಇಡ್ತೀನಿ" ಅಂದ್ರು.

ಉರುಳು ಅಂದಿದ್ದು ಕೇಳಿ ನಂಗೆ ಹೊಟ್ಟೇಲಿ ಸಂಕಟ ಆಯ್ತು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ ಅನ್ನೋದು ಒಂದು ಕಡೆ ಇರಲಿ, ಉರುಳಿಗೆ ಕೋಳಿ ಕದ್ದೋನು ಯಾರು ಸುಮ್ನೆ ದಾರೀಲಿ ಹೋಗೋನು ಯಾರು ಅಂತ ಗೊತ್ತಾಗಲ್ಲವಲ್ಲ, ಚಿಕ್ಕಂದಿನಲ್ಲಿ ಒಂದು ಸಲ ಬೈಕ್ ಕೇಬಲ್ಲಿನ ಉರುಳಿಗೆ ಕಾಲು ಸಿಕ್ಕಿ ರಾತ್ರಿಯೆಲ್ಲ ಎಳೆದಾಡಿದ ನಾಯಿ ನೋಡಿದೀನಿ, ಅದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. "ಗೌಡ್ರೇ, ಒಂದು ತಿಂಗಳು ಟೈಮ್ ಕೊಡಿ. ಯಾರು ಬರ್ತಾರೆ ಅಂತ ಫೋಟೋ ತೆಗ್ದು ತೋರಿಸ್ತೀನಿ, ಆಮೇಲೆ ಮಾತಾಡೋಣ" ಅಂದೆ. ಸರಿ ಅಂದ್ರು.

ನಾನು ಪೇಟೇಲಿ ಇನ್ವರ್ಟರ್, ಯುಪಿಎಸ್ ರಿಪೇರಿ ಮಾಡೋನು. ಬೆಸುಗೆ, ಮೀಟರ್ ಇದೆಲ್ಲ ದಿನಾ ಕೈಲಿರೋದೇ, ಪ್ರೋಗ್ರಾಮ್ ಬರೆಯೋದು ಮಾತ್ರ ಅಷ್ಟು ಅಭ್ಯಾಸ ಇಲ್ಲ. ಪ್ರಾಣಿ ಬಂದ್ರೆ ತಾನೇ ಫೋಟೋ ತೆಗೆಯೋ ರೆಡಿಮೇಡ್ ಟ್ರೇಲ್ ಕ್ಯಾಮೆರಾ ತಗೊಳ್ಳೋಷ್ಟು ದುಡ್ಡು ಹಾಕೋ ಪರಿಸ್ಥಿತಿ ಇರಲಿಲ್ಲ, ಅದಕ್ಕೇ ಇಎಸ್‌ಪಿ32-ಕ್ಯಾಮ್ ಅನ್ನೋ ಬೋರ್ಡ್ ತರಿಸಿದೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಅದರಲ್ಲೇ ವೈಫೈ, ಮೆಮೊರಿ ಕಾರ್ಡಿನ ಸ್ಲಾಟು, ಒವಿ2640 ಅನ್ನೋ 2 ಮೆಗಾಪಿಕ್ಸೆಲ್ ಕ್ಯಾಮೆರಾ. ಜೊತೆಗೆ ಎಚ್‌ಸಿ-ಎಸ್‌ಆರ್501 ಅನ್ನೋ ಪಿಐಆರ್ ಸೆನ್ಸರ್, ಎಟಿಎಂ ಬಾಗಿಲಲ್ಲಿ ನಾವು ಹೋದ ತಕ್ಷಣ ಲೈಟ್ ಹತ್ತಿಸೋ ಜಾತಿದು, ಮೇಲೆ ಬಿಳಿ ಗುಮ್ಮಟ ಇರುತ್ತಲ್ಲ ಅದು. ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ತೆಗೆದ ಎರಡು 18650 ಸೆಲ್, ಚಾರ್ಜಿಗೆ ಟಿಪಿ4056, 5 ವೋಲ್ಟಿಗೆ ಏರಿಸೋಕೆ ಒಂದು ಬೂಸ್ಟ್ ಬೋರ್ಡ್, ಕಣ್ಣಿಗೆ ಹೆಚ್ಚೂಕಮ್ಮಿ ಕಾಣದ ಇನ್‌ಫ್ರಾರೆಡ್ (ಐಆರ್) ಬೆಳಕು ಕೊಡೋ 850 ನ್ಯಾನೋಮೀಟರಿನ ಆರು ಎಲ್‌ಇಡಿ, ವೈರಿಂಗಿಗೆ ಹಾಕೋ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್ ಒಂದು. ಎಲ್ಲಾ ಸೇರಿ 1,200 ಚಿಲ್ಲರೆ ಆಯ್ತು.

ರಾತ್ರಿ ಫೋಟೋ ಬೇಕಂದ್ರೆ ಮೊದಲು ಮಾಡಬೇಕಾದ ಕೆಲಸ ಲೆನ್ಸಿನ ಹಿಂದೆ ಅಂಟಿಸಿರೋ ಫಿಲ್ಟರ್ ತೆಗೆಯೋದು. ಮೊದಲು ಲೆನ್ಸಿನ ಸುತ್ತ ಗಟ್ಟಿಯಾಗಿರೋ ಅಂಟನ್ನ ಬ್ಲೇಡ್ ತುದೀಲಿ ನಿಧಾನಕ್ಕೆ ಸೀಳಿ, ಚಿಕ್ಕ ಇಕ್ಕಳದಲ್ಲಿ ಹಿಡಿದು ತಿರುಗಿಸಿದ್ರೆ ಲೆನ್ಸು ಸ್ಕ್ರೂ ತರ ಬಿಚ್ಚಿ ಬರುತ್ತೆ. ಅದರ ಹಿಂಬದೀಲಿ ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡದೊಂದು ಗಾಜಿನ ಚೂರು, ಓರೆಯಾಗಿ ಹಿಡಿದ್ರೆ ಕೆಂಪು ಹೊಳೆಯುತ್ತೆ. ಅದೇ ಐಆರ್ ಬೆಳಕನ್ನ ತಡೆಯೋದು. ಸೂಜಿ ಮೊನೇಲಿ ಎಬ್ಬಿಸಿದೆ, ಎರಡು ತುಂಡಾಗಿ ಬಂತು, ಪರವಾಗಿಲ್ಲ. ಲೆನ್ಸ್ ವಾಪಸ್ ಹಾಕುವಾಗ ಎರಡು ಮೀಟರ್ ದೂರದಲ್ಲಿ ಪಂಚಾಂಗ ನೇತುಹಾಕಿ ಅಕ್ಷರ ಸ್ಪಷ್ಟ ಕಾಣೋವರೆಗೆ ತಿರುಗಿಸಿ ಫೋಕಸ್ ಕೂರಿಸಿದೆ. ಫಿಲ್ಟರ್ ತೆಗೆದ ಮೇಲೆ ಹಗಲಿನ ಫೋಟೋದಲ್ಲಿ ಎಲೆ ಹಸಿರು ಕಾಣಲ್ಲ, ತಿಳಿ ಗುಲಾಬಿ ಬಿಳಿ ಮಿಕ್ಸ್ ಆದ ಹಾಗೆ ಕಾಣುತ್ತೆ, ಯಾಕಂದ್ರೆ ಹಸಿರೆಲೆ ಐಆರ್ ಬೆಳಕನ್ನ ಬಹಳ ವಾಪಸ್ ಎಸೆಯುತ್ತೆ. ಹಕ್ಕಿ ಬಣ್ಣ ನೋಡಬೇಕು ಅನ್ನೋರು ಈ ಕೆಲಸ ಮಾಡಬೇಡಿ, ಅಂಥವರಿಗೆ ಎರಡು ಕ್ಯಾಮೆರಾ ಬೇಕು.

ವೈರಿಂಗ್ ವಿಷಯ ಬೇಗ ಹೇಳಿ ಮುಗಿಸ್ತೀನಿ. ಮೆಮೊರಿ ಕಾರ್ಡನ್ನ ಒಂದು ಬಿಟ್ ಮೋಡಲ್ಲಿ ಓಡಿಸಿದ್ರೆ 4, 12, 13 ಈ ಮೂರು ಪಿನ್ ನಮ್ಮ ಕೈಗೆ ಸಿಗುತ್ತೆ. 13ಕ್ಕೆ ಪಿಐಆರ್ ಔಟ್‌ಪುಟ್ ಕೊಟ್ಟೆ, ಅದು 3.3 ವೋಲ್ಟೇ ಕೊಡೋದ್ರಿಂದ ನೇರ ಕೊಡಬಹುದು. 12ಕ್ಕೆ ಎಲ್‌ಇಡಿ ಹತ್ತಿಸೋಕೆ ಸ್ವಿಚ್ ತರ ಕೆಲಸ ಮಾಡೋ ಮಾಸ್‌ಫೆಟ್. 12ರ ಜೊತೆ ಒಂದು ಹುಷಾರು ಬೇಕು, ಬೋರ್ಡ್ ಎದ್ದೇಳೋ ಹೊತ್ತಲ್ಲಿ ಆ ಪಿನ್ನಲ್ಲಿ ವೋಲ್ಟೇಜ್ ಇದ್ರೆ ಬೋರ್ಡ್ ಬೂಟೇ ಆಗಲ್ಲ, ಅದಕ್ಕೆ 10 ಕಿಲೋ ಓಮ್ ರೆಸಿಸ್ಟರ್ ಒಂದನ್ನ ಗ್ರೌಂಡಿಗೆ ಎಳೆದು ಕಟ್ಟಬೇಕು. ಎಲ್‌ಇಡಿ ಎರಡೆರಡು ಸೀರೀಸ್, ಪ್ರತಿ ಜೋಡಿಗೆ 22 ಓಮ್. ಬೋರ್ಡ್ ಯಾವಾಗ್ಲೂ ಡೀಪ್ ಸ್ಲೀಪಲ್ಲಿ ಮಲಗಿರುತ್ತೆ, ಪಿಐಆರ್ ಎಬ್ಬಿಸಿದ್ರೆ ಎದ್ದು ಎಲ್‌ಇಡಿ ಹತ್ತಿಸಿ ಫೋಟೋ ತೆಗೆದು ಕಾರ್ಡಿಗೆ ಬರೆದು ಮತ್ತೆ ಮಲಗುತ್ತೆ. ಎದ್ದ ತಕ್ಷಣದ ಮೊದಲ ಎರಡು ಮೂರು ಫ್ರೇಮ್ ಕಪ್ಪು ಹಸಿರು ಬರುತ್ತೆ, ಬೆಳಕು ಅಡ್ಜಸ್ಟ್ ಆಗಿರಲ್ಲ, ಅವನ್ನ ಬಿಸಾಕಿ ನಾಲ್ಕನೇದು ಉಳಿಸ್ಕೋಬೇಕು.

ಮೇಜಿನ ಮೇಲೆ ಎಲ್ಲಾ ಚೆನ್ನಾಗಿ ಓಡ್ತು. ಬ್ಯಾಟರಿಗೆ ಹಾಕಿದ ತಕ್ಷಣ ಫೋಟೋ ತೆಗೆಯೋ ಹೊತ್ತಿಗೆ ರೀಸೆಟ್, ಮತ್ತೆ ರೀಸೆಟ್. ಬ್ರೌನ್‌ಔಟ್ ಅಂತ ಮೆಸೇಜ್. ಕ್ಯಾಮೆರಾ, ಎಲ್‌ಇಡಿ, ಕಾರ್ಡು ಮೂರೂ ಒಟ್ಟಿಗೆ ಎಳೆದಾಗ ವೋಲ್ಟೇಜ್ ಕುಸೀತಿದೆ ಅಂತ ಅರ್ಥ. ಇದಕ್ಕೆ ಸುಮಾರು ಜನ ಪ್ರೋಗ್ರಾಮಲ್ಲಿ ಒಂದು ಸಾಲು ಹಾಕಿ ಆ ಬ್ರೌನ್‌ಔಟ್ ಪತ್ತೆ ಮಾಡೋದನ್ನೇ ಆಫ್ ಮಾಡಿಬಿಡ್ತಾರೆ, ನಂಗೆ ಅದು ಸರಿ ಕಾಣಲ್ಲ, ಇನ್ವರ್ಟರ್ ಬೀಪ್ ಹೊಡೀತಿದೆ ಅಂತ ಬಜರ್ ಕಿತ್ತ ಹಾಗೆ ಅದು. 5 ವೋಲ್ಟ್ ಲೈನಿಗೆ ಬೋರ್ಡ್ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ಹಾಕಿದೆ, ತೆಳು ವೈರ್ ತೆಗೆದು ದಪ್ಪದು ಹಾಕಿದೆ, ನಿಂತು ಹೋಯ್ತು. ಮಲಗಿದ್ದಾಗ ಇಡೀ ಸೆಟ್ಟು ಎಳೆಯೋದು ನನ್ನ ಮೀಟರಲ್ಲಿ ಸುಮಾರು 6 ಮಿಲಿಆಂಪ್, ಹಂಗಾಗಿ ಎರಡು ಸೆಲ್ಲಿಗೆ ಎರಡು ವಾರ ಆರಾಮಾಗಿ ಬರುತ್ತೆ.

ಆಮೇಲೆ ಬಾಕ್ಸು. ಮಲೆನಾಡಲ್ಲಿ ದೀಪಾವಳಿ ಆದ್ರೂ ಮಳೆ ಹನಿ ನಂಬೋ ಹಾಗಿಲ್ಲ, ರಾತ್ರಿ ಇಬ್ಬನಿ ಬೇರೆ, ಅದಕ್ಕೆ ಜಂಕ್ಷನ್ ಬಾಕ್ಸಿನ ಮುಚ್ಚಳಕ್ಕೆ ಕಿಟಕಿ ಕೊರೆದು ಪೂರ್ತಿ ಒಂದು ಗಾಜಿನ ತುಂಡು ಹಾಕಿ ಸಿಲಿಕಾನ್ ಬಳಿದು ಸೀಲ್ ಮಾಡಿದೆ. ಒಳಗೆ ಕ್ಯಾಮೆರಾ, ಎಲ್‌ಇಡಿ, ಪಿಐಆರ್ ಮೂರೂ ಸಾಲಾಗಿ ಅದೇ ಗಾಜಿನ ಹಿಂದೆ. ನೋಡೋಕೆ ಚೆನ್ನಾಗಿತ್ತು. ಚಿಕ್ಕು ಮರದ ಬುಡಕ್ಕೆ ಕಟ್ಟಿ ಬಂದೆ. ಮೂರು ರಾತ್ರಿ ಒಂದೇ ಒಂದು ಫೋಟೋ ಇಲ್ಲ, ಅದೇ ಹೊತ್ತಲ್ಲಿ ಇನ್ನೊಂದು ಪಪ್ಪಾಯಿ ಖಾಲಿ ಆಗಿತ್ತು. ನಾನೇ ಮುಂದೆ ಹೋಗಿ ಕೈ ಬೀಸಿದ್ರೂ ಏಳಲ್ಲ. ಬಾಕ್ಸ್ ಮುಚ್ಚಳ ತೆಗೆದು ಕೈ ಬೀಸಿದ್ರೆ ಟಕ್ ಅಂತ ಏಳುತ್ತೆ. ಗಾಜೇ ಅಡ್ಡ! ಪಿಐಆರ್ ನೋಡೋದು ಮೈಯಿಂದ ಹೊರಡೋ ಶಾಖದ ಕಿರಣ, ಅದರ ಅಲೆಯುದ್ದ 9-10 ಮೈಕ್ರೋಮೀಟರ್ ಹತ್ತಿರ, ನಮ್ಮ ಕಣ್ಣಿಗೆ ಪಾರದರ್ಶಕ ಕಾಣೋ ಗಾಜು ಆ ಕಿರಣಕ್ಕೆ ಗೋಡೆ ಇದ್ದ ಹಾಗೆ. ಎಲ್‌ಇಡಿಯ 850 ನ್ಯಾನೋಮೀಟರ್ ಬೆಳಕು ಮಾತ್ರ ಗಾಜಲ್ಲಿ ಸಲೀಸಾಗಿ ಹೋಗುತ್ತೆ. ಎರಡಕ್ಕೂ ಇನ್‌ಫ್ರಾರೆಡ್ ಅಂತ್ಲೇ ಹೆಸರು, ಎರಡೂ ಒಂದೇ ಅಂದ್ಕೊಂಡಿದ್ದೆ. ಮುಚ್ಚಳಕ್ಕೆ 23 ಮಿಲಿಮೀಟರಿನ ತೂತು ಕೊರೆದು ಪಿಐಆರ್ ಗುಮ್ಮಟ ಹೊರಗೆ ತೆಗೆದು ಸುತ್ತ ಸಿಲಿಕಾನ್ ಹಾಕಿದೆ, ಮೇಲೊಂದು ಪ್ಲಾಸ್ಟಿಕ್ ಡಬ್ಬಿ ಮುಚ್ಚಳ ಸೂರು ತರ ಅಂಟಿಸಿದೆ. ಆ ಗುಮ್ಮಟ ಪಾಲಿಥೀನ್ ಜಾತಿಯ ಪ್ಲಾಸ್ಟಿಕ್ಕು, ಶಾಖ ಅದರಲ್ಲಿ ದಾಟುತ್ತೆ.

ಮರುದಿನ ಕಾರ್ಡಲ್ಲಿ 412 ಫೋಟೋ. ಖುಷಿಗೆ ಕಾಫಿ ಕುಡಿಯೋದೂ ಬಿಟ್ಟು ಕೂತು ನೋಡಿದೆ, 412ರಲ್ಲಿ ನಾಲ್ಕು ಅಮ್ಮಂದು, ಒಂದು ಹಸುವಿಂದು, ಮಿಕ್ಕಿದ್ದೆಲ್ಲ ಬಾಳೆ ಎಲೆ. ಎಲ್ಲವೂ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ಒಳಗೆ. ಬಿಸಿಲಿಗೆ ಕಾದ ಎಲೆ ತಣ್ಣಗಿರೋ ನೆರಳಿನ ಮುಂದೆ ಅಲ್ಲಾಡಿದ್ರೆ ಸೆನ್ಸರಿಗೆ ಅದೂ ಒಂದು ಪ್ರಾಣಿನೇ. ಅದರೊಳಗೆ ಇರೋದು ಅಕ್ಕಪಕ್ಕ ಎರಡು ಕಣ್ಣು, ಒಂದರಿಂದ ಇನ್ನೊಂದಕ್ಕೆ ಶಾಖ ದಾಟಿದ್ರೆ ಮಾತ್ರ ಸಿಗ್ನಲ್. ಇದು ಗೊತ್ತಾದ ಮೇಲೆ ಇನ್ನೊಂದು ವಿಷಯನೂ ಅರ್ಥ ಆಯ್ತು, ಕ್ಯಾಮೆರಾ ಕಡೆಗೇ ನೇರ ನಡೆದು ಬರೋ ಪ್ರಾಣಿಗಿಂತ ಅಡ್ಡ ಹಾಯೋ ಪ್ರಾಣಿ ಬೇಗ ಸಿಗುತ್ತೆ. ನಾಗರಹೊಳೆಯಲ್ಲಿ 1990ರ ದಶಕದಲ್ಲಿ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಬೇರೆ ಬೇರೆ ಗುರುತು ಹಿಡಿದು ಲೆಕ್ಕ ಹಾಕಿದಾಗ ದಾರಿಯ ಎರಡೂ ಬದಿ ಕ್ಯಾಮೆರಾ ಇಡ್ತಿದ್ದಿದ್ದು, ಎಡ ಪಕ್ಕೆ ಪಟ್ಟೆನೇ ಬೇರೆ ಬಲ ಪಕ್ಕೆ ಪಟ್ಟೆನೇ ಬೇರೆ ಅಂತ. ನಂಗೆ ಅಷ್ಟೆಲ್ಲ ಬೇಡ, ಆದ್ರೆ ಪಕ್ಕೆ ಕಾಣೋ ಹಾಗೆ ಇಡಬೇಕು ಅನ್ನೋ ಮಾತು ಹಿಡಿಸ್ತು.

ಹಂಗಿದ್ರೆ ದಾರಿ ಎಲ್ಲಿ? ಕ್ಯಾಮೆರಾ ಬಿಟ್ಟು ಒಂದು ಭಾನುವಾರ ಪೂರ್ತಿ ಹಿತ್ತಲು ಸುತ್ತಿದೆ, ಮೊದಲೇ ಮಾಡಬೇಕಾಗಿದ್ದ ಕೆಲಸ ಅದು. ಪಪ್ಪಾಯಿ ಬುಡದಲ್ಲಿ ಬಾವಲಿ ಗುರುತು ಹುಡುಕಿದೆ. ಬಾವಲಿ ಹಣ್ಣಿನ ರಸ ಹೀರಿ ನಾರನ್ನ ಒತ್ತಿ ಉಂಡೆ ಮಾಡಿ ಉಗಿಯುತ್ತೆ, ಚಿಕ್ಕು ಮರದ ಕೆಳಗೆ ಅಂಥ ಒಣಗಿದ ಉಂಡೆ ಬೇಕಾದಷ್ಟಿತ್ತು, ಪಪ್ಪಾಯಿ ಕೆಳಗೆ ಒಂದೂ ಇಲ್ಲ. ಅದರ ಬದಲು ಪಪ್ಪಾಯಿ ಕಾಂಡದ ಮೇಲೆ ಸಣ್ಣ ಸಣ್ಣ ಉಗುರಿನ ಗೀರು, ಮೇಲಿಂದ ಕೆಳಗೆ, ಗೀರಲ್ಲಿ ಹಾಲು ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಪಾಗಾರದ ಮೇಲೆ ಚಪ್ಪಟೆ ಕಲ್ಲೊಂದಿದೆ, ಅಲ್ಲಿ ಹಿಕ್ಕೆ. ಕಡ್ಡೀಲಿ ಬಿಡಿಸಿ ನೋಡಿದ್ರೆ ಪೂರ್ತಿ ಬೀಜ, ಪಪ್ಪಾಯಿ ಕಪ್ಪು ಬೀಜ, ನಡುವೆ ಏಳು ಕಾಫಿ ಬೀಜ, ಒಂದಕ್ಕೂ ಹಲ್ಲು ತಾಗಿಲ್ಲ, ಇಡೀ ಇಡೀ ಬಂದಿದೆ. ಅಂದ್ರೆ ಹಣ್ಣು ನುಂಗೋನು, ಮರ ಹತ್ತೋನು, ಪಾಗಾರದ ಮೇಲೆ ನಡೆಯೋನು. ಬಾವಲಿ ಪಪ್ಪಾಯಿ ವಿಷಯದಲ್ಲಿ ನಿರಪರಾಧಿ ಅಂತ ಅಮ್ಮಂಗೆ ಅವತ್ತೇ ಹೇಳಿದೆ.

(ಹಿತ್ತಲು ಅಂದ್ರೂ ದರಗು, ಅಂದ್ರೆ ಉದುರಿದ ಒಣ ಎಲೆ, ತುಳಿದು ಓಡಾಡೋ ಕೆಲಸ ಇದು, ಅದಕ್ಕೆ ಒಂದು ಮಾತು. ಉಣುಗು ಕಚ್ಚಿ ಹರಡೋ ಮಂಗನ ಕಾಯಿಲೆ ಮೊದಲು ಪತ್ತೆ ಆಗಿದ್ದೇ ನಮ್ಮ ಜಿಲ್ಲೆ ಸೊರಬದ ಕ್ಯಾಸನೂರಲ್ಲಿ, 1957ರಲ್ಲಿ, ಇವತ್ತಿಗೂ ಬೇಸಿಗೆ ಬಂದ್ರೆ ನಮ್ಮ ಕಡೆ ಭಯ ಇದ್ದೇ ಇದೆ. ಚಳಿಗಾಲದಿಂದ ಮಳೆ ಬೀಳೋವರೆಗೆ ಕಾಡಂಚಲ್ಲಿ ಹೋಗೋರು ಕೈಕಾಲಿಗೆ ಉಣುಗು ಹತ್ತದ ಹಾಗೆ ಎಣ್ಣೆ ಹಚ್ಕೊಳ್ಳಿ, ಉದ್ದ ಪ್ಯಾಂಟ್ ಹಾಕ್ಕೊಳ್ಳಿ, ಮನೆಗೆ ಬಂದು ಬಿಸಿನೀರಲ್ಲಿ ಸ್ನಾನ ಮಾಡಿ. ಅಮ್ಮ ಎಣ್ಣೆ ಹಚ್ಚಿದ್ದು ನೋಡದೆ ನನ್ನನ್ನ ಪಾಗಾರ ದಾಟೋಕೆ ಬಿಡಲ್ಲ, ಅದು ಸರಿನೂ ಹೌದು.)

ಬಾಕ್ಸನ್ನ ಪಾಗಾರದ ಮೂಲೆಗೆ, ನೆಲದಿಂದ ಒಂದು ಮೊಳ ಎತ್ತರಕ್ಕೆ, ಬಾಳೆಗೆ ಬೆನ್ನು ಮಾಡಿ ಉತ್ತರಕ್ಕೆ ಮುಖ ಮಾಡಿ ಕಟ್ಟಿದೆ. ಮೊದಲ ರಾತ್ರಿನೇ ಸಿಕ್ತು, 2 ಗಂಟೆ 14 ನಿಮಿಷಕ್ಕೆ, ಫ್ರೇಮಿನ ಬಲತುದೀಲಿ ಒಂದು ಬಾಲ ಮಾತ್ರ. ಮರುರಾತ್ರಿ ಇನ್ನೊಂದು ಬಾಲ. ಬೋರ್ಡ್ ಎದ್ದು ಕ್ಯಾಮೆರಾ ತಯಾರಾಗಿ ಬೆಳಕು ಅಡ್ಜಸ್ಟ್ ಆಗೋಕೆ ಎರಡು ಸೆಕೆಂಡ್ ಬೇಕು, ಅಷ್ಟರಲ್ಲಿ ಅದು ನಡೆದು ಹೋಗಿರುತ್ತೆ. ಬೋರ್ಡನ್ನ ಮಲಗಿಸದೆ ಎಚ್ಚರವಾಗಿ ಇಟ್ರೆ ಬ್ಯಾಟರಿ ಒಂದೇ ದಿನಕ್ಕೆ ಖಾಲಿ. ಪ್ರಾಣಿ ನಿಲ್ಲೋ ಜಾಗ ಒಂದು ಬೇಕು ಅನ್ನಿಸ್ತು. ಹಣ್ಣು ಇಟ್ಟು ಕರೆಯೋದು ನಂಗೆ ಇಷ್ಟ ಇಲ್ಲ, ಅದನ್ನ ರೂಢಿ ಮಾಡಿಸಿದ್ರೆ ನಾಳೆ ಅದಕ್ಕೇ ತೊಂದರೆ. ಕೊಟ್ಟಿಗೆ ಹಿಂದೆ ಅಜ್ಜನ ಕಾಲದ ಕಲ್ಲಿನ ಮರಿಗೆ (ನೀರಿನ ತೊಟ್ಟಿ) ಬಿದ್ದಿತ್ತು, ನಾನೂ ಗೌಡ್ರೂ ಹಾರೆ ಹಾಕಿ ಉರುಳಿಸ್ಕೊಂಡು ಬಂದು ಪಾಗಾರದ ಬುಡಕ್ಕೆ ಕೂರಿಸಿದ್ವಿ, ನಾಲ್ಕು ಬೆರಳು ನೀರು, ಸೊಳ್ಳೆ ಆಗದ ಹಾಗೆ ದಿನಾ ಬದಲಾಯಿಸೋದು, ಬಿದ್ದ ಹಲ್ಲಿ ಹುಳ ಹತ್ತಿ ಬರೋಕೆ ಒಳಗೊಂದು ಓರೆ ಕಲ್ಲು. ಮರಿಗೆ ಪಕ್ಕ ಅಡಿಕೆ ದಬ್ಬೆ ಒಂದು ಮಲಗಿಸಿ ಹತ್ತು ಹತ್ತು ಸೆಂಟಿಮೀಟರಿಗೆ ಸುಣ್ಣದಲ್ಲಿ ಗೀಟು ಹಾಕಿದೆ, ಬಂದೋರ ಉದ್ದ ಅಳೆಯೋಕೆ. ಈ ದಬ್ಬೆ ಯೋಚನೆ ಎಲ್ಲರೂ ಮಾಡಿ, ಐಆರ್ ಫೋಟೋದಲ್ಲಿ ಬಣ್ಣನೂ ಇರಲ್ಲ ದೂರನೂ ಗೊತ್ತಾಗಲ್ಲ, ಹೆಗ್ಗಣ ಬೆಕ್ಕಿನಷ್ಟು ಕಾಣುತ್ತೆ.

ನಾಲ್ಕನೇ ರಾತ್ರಿ ಬಂತು. ಮರಿಗೆ ಅಂಚಿಗೆ ಮುಂಗಾಲು ಎರಡೂ ಇಟ್ಟು ತಲೆ ಬಗ್ಗಿಸಿ ನೀರು ಕುಡೀತಿರೋದು. ದಬ್ಬೆ ಲೆಕ್ಕದಲ್ಲಿ ಮೈ ಐವತ್ತು ಸೆಂಟಿಮೀಟರ್ ಹತ್ತಿರ, ಬಾಲನೂ ಹೆಚ್ಚೂಕಮ್ಮಿ ಅಷ್ಟೇ. ಮೈಮೇಲೆ ಚುಕ್ಕೆ ಇಲ್ಲ ಪಟ್ಟೆ ಇಲ್ಲ, ಬೆಳ್ಳಗೆ ಒಂದೇ ಬಣ್ಣ. ಪುಸ್ತಕ ತೆಗೆದೆ. ನಮ್ಮ ಕಡೆ ಇಂಥವಕ್ಕೆಲ್ಲ ಕಬ್ಬೆಕ್ಕು ಅಂದ್ಬಿಡ್ತೀವಿ, ಆದ್ರೆ ಇಲ್ಲಿ ಇರಬಹುದಾದ್ದು ಮೂರು. ಒಂದು ಊರಂಚಲ್ಲೆಲ್ಲ ಕಾಣೋ ಸಾಮಾನ್ಯ ಮರಬೆಕ್ಕು, ಬೆನ್ನ ಮೇಲೆ ಉದ್ದಕ್ಕೆ ಕಪ್ಪು ಗೆರೆ, ಮುಖಕ್ಕೆ ಮುಖವಾಡ ಹಾಕಿದ ಹಾಗೆ ಕಪ್ಪು ಬಿಳಿ. ಇನ್ನೊಂದು ಕಂದು ಮರಬೆಕ್ಕು, ಪಶ್ಚಿಮ ಘಟ್ಟ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, ಮೈಮೇಲೆ ಗೆರೆ ಚುಕ್ಕೆ ಏನೂ ಇಲ್ಲ, ಕುತ್ತಿಗೆ ಮೇಲಿನ ಕೂದಲು ಉಲ್ಟಾ ಮುಂದಕ್ಕೆ ಬೆಳೆದಿರುತ್ತೆ. ಮೂರನೇದು ಪುನುಗು ಬೆಕ್ಕು, ಬಾಲಕ್ಕೆ ಬಳೆ ಬಳೆ, ತಿರುಪತೀಲಿ ದೇವರಿಗೆ ಹಚ್ಚೋ ಪುನುಗು ಇದರದ್ದೇ. ಫೋಟೋದಲ್ಲಿ ಗೆರೆ ಇಲ್ಲ, ಬಳೆ ಇಲ್ಲ. ಹಂಗಾದ್ರೆ ಕಂದು ಮರಬೆಕ್ಕು! ಘಟ್ಟ ಬಿಟ್ರೆ ಎಲ್ಲೂ ಇಲ್ಲದ್ದು ನಮ್ಮ ಮರಿಗೇಲಿ ನೀರು ಕುಡೀತಿದೆ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಜನ ತಾವು ಕಂಡ ಪ್ರಾಣಿ, ಗಿಡದ ಫೋಟೋ ದಾಖಲಿಸೋ ಐನ್ಯಾಚುರಲಿಸ್ಟ್ ಅನ್ನೋ ವೆಬ್‌ಸೈಟಿಗೆ ಕಂದು ಮರಬೆಕ್ಕು ಅಂತ ಹೆಸರು ಕೊಟ್ಟು ಹಾಕಿದೆ.

ಎರಡು ದಿನ ಬಿಟ್ಟು ಪರಿಚಯ ಇಲ್ಲದ ಒಬ್ಬರು ಬಹಳ ಸಮಾಧಾನವಾಗಿ ಕೇಳಿದ್ರು, ಈ ಫೋಟೋದಲ್ಲಿ ಪಕ್ಕದ ಕಲ್ಲು ಕೂಡ ಬೆಳ್ಳಗೆ ಒಂದೇ ಬಣ್ಣ ಕಾಣ್ತಿದೆ, ಬೆಳಕು ಜಾಸ್ತಿ ಆಗಿರಬಹುದಾ, ಮುಖದ ಫೋಟೋ ಇದೆಯಾ ಅಂತ. ಕಲ್ಲು ನೋಡಿದೆ. ನಮ್ಮ ಪಾಗಾರದ ಆ ಕಲ್ಲಲ್ಲಿ ಕರೀ ಪಾಚಿ ದಟ್ಟವಾಗಿದೆ, ಫೋಟೋದಲ್ಲಿ ಅದು ಸುಣ್ಣ ಬಳಿದ ಹಾಗೆ. ಪಾಚಿನೇ ಅಳಿಸಿಹಾಕಿದ ಬೆಳಕು ಬೆನ್ನಿನ ಗೆರೆ ಉಳಿಸುತ್ತಾ?

ಅವತ್ತು ಸಂಜೆ ಬಾಕ್ಸ್ ಬಿಚ್ಚಿದೆ. ತಪ್ಪು ಎರಡಿತ್ತು. ಒಂದು, ಎರಡು ಮೀಟರ್ ದೂರಕ್ಕೆ ಆರು ಎಲ್‌ಇಡಿ ಜಾಸ್ತಿ ಆಗಿತ್ತು. ಇನ್ನೊಂದು, ಎಲ್‌ಇಡಿ ಬೆಳಕು ಅದೇ ಗಾಜಿನ ಒಳಮೈಗೆ ಬಡಿದು ವಾಪಸ್ ಲೆನ್ಸಿಗೆ ಬೀಳ್ತಿತ್ತು, ಅದರಿಂದ ಇಡೀ ಫೋಟೋ ಮೇಲೆ ಹಾಲು ಚೆಲ್ಲಿದ ಹಾಗೆ ಪೊರೆ. ಒಂದು ಜೋಡಿ ಎಲ್‌ಇಡಿ ಕಿತ್ತೆ. ಉಳಿದ ಎರಡು ಜೋಡಿ ಮುಂದೆ ಅಮ್ಮನ ಹಳೇ ಬಿಳಿ ಸೀರೆಯ ಚೂರು ಎರಡು ಪದರ ಮಡಿಸಿ ಅಂಟಿಸಿದೆ, ಬೆಳಕು ಒಂದೇ ಕಡೆ ಚುಚ್ಚದೆ ಹರಡ್ಲಿ ಅಂತ. ಲೆನ್ಸಿಗೂ ಎಲ್‌ಇಡಿಗೂ ನಡುವೆ ಹವಾಯಿ ಚಪ್ಪಲಿ ರಬ್ಬರ್ ಕತ್ತರಿಸಿ ಗಾಜಿಗೆ ಒತ್ತೋ ಹಾಗೆ ಗೋಡೆ ನಿಲ್ಲಿಸಿದೆ. ಟೆಸ್ಟಿಗೆ ಕಲ್ಲಿನ ಫೋಟೋನೇ ತೆಗೆದೆ, ಪಾಚಿ ಪಾಚಿಯಾಗೇ ಕಾಣೋವರೆಗೆ ಎಕ್ಸ್‌ಪೋಷರ್ ಇಳಿಸಿದೆ. ನೋಡಿ, ಇದು ಸುಲಭದ ಅಳತೆಗೋಲು. ನಿಮ್ಮ ಕಣ್ಣಿಗೆ ಕಪ್ಪು ಬಿಳಿ ಎರಡೂ ಇರೋ ಒಂದು ಕಲ್ಲೋ ಕಟ್ಟಿಗೆಯೋ ಫ್ರೇಮಲ್ಲಿ ಇರಲಿ, ಅದು ಸರಿ ಕಂಡ್ರೆ ಮಾತ್ರ ಪ್ರಾಣಿ ಮೈ ನಂಬಿ.

ಆರು ದಿನ ಕಾದ ಮೇಲೆ ಅದೇ ಪ್ರಾಣಿ ಅದೇ ಮರಿಗೆ. ಈ ಸಲ ತಲೆ ಎತ್ತಿ ನೇರ ನೋಡ್ತಿದೆ, ಮೀಸೆ ತುದೀಲಿ ನೀರಿನ ಹನಿ ಸಮೇತ. ಕಣ್ಣಿನ ಸುತ್ತ ಕಪ್ಪು, ಕಣ್ಣ ಕೆಳಗೊಂದು ಬಿಳಿ ಮಚ್ಚೆ, ಹಣೆಗೆ ಅಡ್ಡ ಬಿಳಿ ಪಟ್ಟಿ. ಮುಂದಿನ ಫ್ರೇಮಲ್ಲಿ ತಿರುಗಿದೆ, ಬೆನ್ನ ಮೇಲೆ ಮಸುಕಾಗಿ ಆದ್ರೆ ಅನುಮಾನ ಇಲ್ಲದ ಹಾಗೆ ಮೂರು ಗೆರೆ, ಪಕ್ಕೇಲಿ ಚುಕ್ಕೆ ಸಾಲು, ಬಾಲ ಬಳೆ ಇಲ್ಲದೆ ಪೂರ್ತಿ ಕಪ್ಪು. ಸಾಮಾನ್ಯ ಮರಬೆಕ್ಕು. ಹಳೇ ಹೆಸರು ಅಳಿಸಿ ಸರಿ ಮಾಡಿ, ಕೇಳಿದವರಿಗೆ ಥ್ಯಾಂಕ್ಸ್ ಬರೆದೆ. ಅಪರೂಪದ್ದು ಅಲ್ಲ ಅಂತ ಬೇಜಾರಾಯ್ತಾ ಅಂದ್ರೆ ಇಲ್ಲ, ಆ ಮುಖ ನೋಡಿದ ಮೇಲೆ ಬೇಜಾರು ಹೇಗೆ ಆಗುತ್ತೆ. ಆದ್ರೆ ನನ್ನ ಎಲ್‌ಇಡಿ ದೋಷಕ್ಕೆ ಒಂದು ಜೀವದ ಹೆಸರೇ ತಪ್ಪಾಗಿ ದಾಖಲೆಗೆ ಹೋಗಿತ್ತಲ್ಲ ಅನ್ನೋದು ಚುಚ್ತು. ಅವತ್ತಿಂದ ಒಂದೇ ಫೋಟೋ ಇಟ್ಕೊಂಡು ಹೆಸರು ಕೊಡಲ್ಲ. ಮುಖ, ಪಕ್ಕೆ, ಬಾಲ, ಈ ಮೂರರಲ್ಲಿ ಎರಡಾದ್ರೂ ಬೇಕು. ಹಾಕುವಾಗ ಜಾಗದ ಗುರುತು ಮಸುಕು ಮಾಡಿ ಹಾಕ್ತೀನಿ, ಉರುಳು ಇಡೋರೂ ಫೋನ್ ಇಟ್ಕೊಂಡಿರ್ತಾರೆ.

ಬಾಕ್ಸಿಗೆ ಬಂದ ಇನ್ನೊಂದು ಕಾಯಿಲೆ ಇರುವೆ. ಡಿಸೆಂಬರಲ್ಲಿ ಒಂದು ದಿನ ಎಲ್ಲಾ ಫೋಟೋ ಅರ್ಧಕ್ಕರ್ಧ ಕಪ್ಪು. ಮುಚ್ಚಳ ತೆಗೆದ್ರೆ ಚಾರ್ಜಿಂಗ್ ವೈರ್ ಹೋಗೋ ತೂತಿನಿಂದ ಕಪ್ಪಿರುವೆ ಒಳಗೆ ಸೇರಿ ಬೋರ್ಡ್ ಮೇಲೆ ಬೆಚ್ಚಗೆ ಮೊಟ್ಟೆ ಜೋಡಿಸಿಟ್ಟಿದ್ವು, ಲೆನ್ಸಿನ ಮುಂದೆ ಒಂದು ಗುಂಪು. ಔಷಧಿ ಹೊಡೆಯೋ ಮನಸ್ಸಾಗಲಿಲ್ಲ, ಆ ವಾಸನೆಗೆ ಬೇರೆ ಪ್ರಾಣಿನೂ ಬರಲ್ಲ. ಬಾಕ್ಸನ್ನ ಬಿಸಿಲಿಗೆ ತೆರೆದಿಟ್ಟೆ, ಒಂದು ಗಂಟೆಯೊಳಗೆ ಮೊಟ್ಟೆ ಹೊತ್ಕೊಂಡು ಸಾಲಾಗಿ ತಾವೇ ಇಳಿದು ಹೋದ್ವು. ಆಮೇಲೆ ತೂತನ್ನ ಎಂ-ಸೀಲ್ ಹಾಕಿ ಪೂರ್ತಿ ಮುಚ್ಚಿ, ಚಾರ್ಜಿಗೆ ಸೆಲ್ಲನ್ನೇ ಹೊರಗೆ ತೆಗೆಯೋ ಹಾಗೆ ಹೋಲ್ಡರ್ ಹಾಕಿದೆ. ಬಾಕ್ಸ್ ಕಟ್ಟೋ ಹಗ್ಗಕ್ಕೆ ಬೇವಿನೆಣ್ಣೆ ಸವರ್ತೀನಿ. ಒಳಗೆ ಶೂ ಡಬ್ಬೀಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ಎರಡು, ತಿಂಗಳಿಗೊಂದು ಸಲ ಒಲೆ ಪಕ್ಕ ಒಣಗಿಸಿ ವಾಪಸ್ ಹಾಕೋದು, ಇಬ್ಬನಿಗೆ ಗಾಜು ಮಂಜಾಗೋದು ನಿಂತಿದೆ. ಗಡಿಯಾರ ಮಾತ್ರ ಬೋರ್ಡ್ ಮಲಗಿದ್ದಾಗ ದಿನಕ್ಕೆ ಕೆಲವು ನಿಮಿಷ ಆಚೀಚೆ ಓಡುತ್ತೆ, ಸೆಲ್ ಬದಲಿಸೋಕೆ ಮನೆಯೊಳಗೆ ತಂದಾಗ ವೈಫೈಯಿಂದ ಸರಿ ಮಾಡ್ಕೊಳ್ಳೋ ಹಾಗೆ ಬರೆದಿದೀನಿ.

ಇಷ್ಟರಲ್ಲಿ ಮರಿಗೆ ಹತ್ರ ಯಾರ್ಯಾರು ಬಂದ್ರು ಅಂತ ಅಮ್ಮ ಒಂದು ಹಳೇ ಡೈರೀಲಿ ಬರೆದಿಡ್ತಿದ್ದಾರೆ. ಮುಂಗುಸಿ ಹಗಲಲ್ಲೇ, ಊಟದ ಹೊತ್ತಿಗೆ ಸರಿಯಾಗಿ. ಮುಳ್ಳುಹಂದಿ ಎರಡೇ ಸಲ, ಬಂದಾಗ ಫ್ರೇಮ್ ತುಂಬಾ ಅದೇ, ಬೆಳಿಗ್ಗೆ ಹೋಗಿ ನೋಡಿದ್ರೆ ಕೆಸುವಿನ ಗೆಡ್ಡೆ ಅಗೆದು ಹಾಕಿತ್ತು, ಕಪ್ಪು ಬಿಳಿ ಮುಳ್ಳೊಂದು ಬಿದ್ದಿತ್ತು. ಸೊಂಡಿಲಿ ದಿನಾ, ಗೋಡೆ ಪಕ್ಕ ಒಂದೇ ಗೆರೇಲಿ. ಹೆಗ್ಗಣ. ಹಾಲಕ್ಕಿ ಒಂದು ಮರಿಗೆ ಅಂಚಲ್ಲಿ ಕೂತು ರೆಕ್ಕೆ ನೆನೆಸಿ ಸ್ನಾನ ಮಾಡಿದ್ದು ಒಂಬತ್ತು ಫೋಟೋ. ಹಾವು ಕಪ್ಪೆ ಒಂದೂ ಇಲ್ಲ, ಅವು ಬರಲ್ಲ ಅಂತಲ್ಲ, ಅವುಗಳ ಮೈ ಸುತ್ತಲಿನ ನೆಲದಷ್ಟೇ ತಣ್ಣಗಿರೋದ್ರಿಂದ ಪಿಐಆರಿಗೆ ಕಾಣಲ್ಲ. ಹಂಗಾಗಿ ಕಾರ್ಡಲ್ಲಿ ಹಾವಿಲ್ಲ ಅಂತ ಕತ್ತಲಲ್ಲಿ ಬರಿಗಾಲಲ್ಲಿ ಹೋಗಬೇಡಿ.

ನಂಗೆ ಎಲ್ಲಕ್ಕಿಂತ ಸಂತೋಷ ಕೊಟ್ಟಿದ್ದು ನವರಂಗ. ಬೆಳಿಗ್ಗೆ ಆರೂಕಾಲಿಗೆ, ಇನ್ನೂ ಪೂರ್ತಿ ಬೆಳಕಾಗಿಲ್ಲ, ಮರಿಗೆ ಪಕ್ಕದ ದರಗಲ್ಲಿ ಮೋಟು ಬಾಲದ ಒಂದು ಹಕ್ಕಿ, ಕಣ್ಣಿಗೆ ಅಡ್ಡ ದಪ್ಪ ಕಪ್ಪು ಪಟ್ಟಿ, ಎಲೆ ಒಂದನ್ನ ಕೊಕ್ಕಲ್ಲಿ ಎತ್ತಿ ಪಕ್ಕಕ್ಕೆ ಇಡ್ತಾ ಇರೋ ಹಾಗೆ. ನಮ್ಮ ಕ್ಯಾಮೆರಾದಲ್ಲಿ ಅದರ ಹಸಿರಿಲ್ಲ ನೀಲಿ ಇಲ್ಲ ಹೊಟ್ಟೆ ಕೆಳಗಿನ ಕೆಂಪಿಲ್ಲ, ಬೂದು ಗುಲಾಬಿ ಅಷ್ಟೇ, ಆದ್ರೂ ಆ ಮೋಟು ಬಾಲ ಆ ಪಟ್ಟಿ ಇದ್ರೆ ಬೇರೆ ಯಾವುದೂ ಆಗೋಕೆ ಸಾಧ್ಯ ಇಲ್ಲ. ಚಳಿಗಾಲಕ್ಕೆ ಉತ್ತರದಿಂದ ಇಲ್ಲಿಗೆ ಇಳಿಯೋ ಹಕ್ಕಿ. ಬೆಳಿಗ್ಗೆ ಸಂಜೆ ಸೊಪ್ಪಿನಬೆಟ್ಟದ ಕಡೆಯಿಂದ ಎರಡು ಸ್ವರದ ಸಿಳ್ಳೆ ಎಷ್ಟೋ ವರ್ಷದಿಂದ ಕೇಳ್ತಿದ್ದೆ, ಹಿತ್ತಲಿಗೇ ಬರುತ್ತೆ ಅಂತ ಗೊತ್ತಿರಲಿಲ್ಲ. ಅಮ್ಮ ಹಿತ್ತಲು ಗುಡಿಸಿ ದರಗು ಸುಡೋದು ಅವತ್ತೇ ನಿಲ್ಲಿಸಿದ್ರು, ಮರಿಗೆ ಸುತ್ತ ಹತ್ತಡಿ ಹಾಗೇ ಬಿಟ್ಟಿದೀವಿ.

ಇನ್ನು ಗೌಡ್ರ ಕೋಳಿ ವಿಷಯ. ಮರಬೆಕ್ಕಿನ ಫೋಟೋ ತೋರಿಸಿದೆ, "ಹಣ್ಣು ತಿಂದಿದ್ದು ಇದೇ ಸರಿ, ಕೋಳಿ ತಿಂದಿದ್ದು ಇದಲ್ಲ ಅಂತ ಹೆಂಗೆ ಹೇಳ್ತೀಯ" ಅಂದ್ರು. ನ್ಯಾಯವಾದ ಪ್ರಶ್ನೆ. ಇನ್ನೊಂದು ಬೋರ್ಡ್ ತರಿಸಿ ಎರಡನೇ ಬಾಕ್ಸ್ ಮಾಡಿದೆ, ಮೊದಲನೇದರ ತಪ್ಪೆಲ್ಲ ಗೊತ್ತಿದ್ದರಿಂದ ಎರಡು ಸಂಜೇಲಿ ಮುಗೀತು. ಈ ಸಲ ಎಲ್‌ಇಡಿ ಬೇರೆ ಗಾಜು, ಲೆನ್ಸ್ ಬೇರೆ ಗಾಜು. ಕೋಳಿಗೂಡಿನ ಎದುರು ಕಟ್ಟಿ ದಬ್ಬೆ ಅಳತೆ ಇಟ್ಟೆ. ಹನ್ನೊಂದನೇ ದಿನ ಬೆಳಗಿನ ಜಾವ 4 ಗಂಟೆ 40ಕ್ಕೆ ಮೂರು ಫೋಟೋ. ಉದ್ದ ಮೈ, ಗಿಡ್ಡ ಕಾಲು, ಕಿವಿ ಎರಡೂ ತಲೆ ಮೇಲೆ ಹತ್ತಿರ ಹತ್ತಿರ, ಮೈತುಂಬ ಸಾಲು ಚುಕ್ಕೆ, ಬಾಲಕ್ಕೆ ಕಪ್ಪು ಬಿಳಿ ಬಳೆ. ಎಣಿಸಿದೆ, ಎಂಟು ಕಪ್ಪು ಬಳೆ. ಪುನುಗು ಬೆಕ್ಕು. ಮೂರನೇ ಫೋಟೋದಲ್ಲಿ ಗೂಡಿನ ಬಾಗಿಲ ಕೆಳಗಿನ ಸಂದಿಯಲ್ಲಿ ತಲೆ ಒಳಗೆ, ಬಾಲ ಹೊರಗೆ.

ಗೌಡ್ರು ಮೊಬೈಲನ್ನ ದೂರ ಹಿಡಿದು, ಹತ್ರ ಹಿಡಿದು, ಬಹಳ ಹೊತ್ತು ನೋಡಿದ್ರು. "ಇದ್ರ ಬಾಲ ನೋಡು ಮಾರಾಯ, ಬಳೆ ಹಾಕ್ದಂಗೆ ಅದೆ" ಅಂದ್ರು. ಉರುಳಿನ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಸಂದಿ ಅಳೆದ್ವಿ, ಒಂಬತ್ತು ಸೆಂಟಿಮೀಟರ್, ಮಳೆಗಾಲದಲ್ಲಿ ಹಲಗೆ ಬುಡ ಲಡ್ಡಾಗಿ ಹೋಗಿತ್ತು. ಲಡ್ಡು ಹಲಗೆ ಕೊಯ್ದು ಹಲಸಿನ ಹಲಗೆ ಹೊಸದು ಕೂರಿಸಿದ್ವಿ, ಗೂಡಿನ ಸುತ್ತ ಅರ್ಧ ಇಂಚಿನ ವೆಲ್ಡ್ ಮೆಶ್ ಹೊಡೆದು ಕೆಳಗೆ ಒಂದು ಅಡಿ ಹೊರಕ್ಕೆ ಮಡಿಸಿ ನೆಲದಲ್ಲಿ ಹೂತು ಮೇಲೆ ಕಲ್ಲು ಹೇರಿದ್ವಿ, ಅಗೆದು ಬರೋದಕ್ಕೂ ಆಗಬಾರದು ಅಂತ. ಬಾಗಿಲಿಗೆ ಚಿಲಕದ ಬದಲು ಒತ್ತಿ ಕೂರೋ ಅಗಳಿ. ಒಂದೂವರೆ ದಿನದ ಕೆಲಸ. ಆಮೇಲೆ ಒಂದೂ ಕೋಳಿ ಹೋಗಿಲ್ಲ.

ಗೂಡು ಭದ್ರ ಆಯ್ತಲ್ಲ, ಬಾಕ್ಸ್ ಬಿಚ್ಚಿ ನಮ್ಮ ಬಾವಿ ಕಡೆ ಕಟ್ಟೋಣ ಅಂತ ಹೋದ ತಿಂಗಳು ಅವರ ಮನೆಗೆ ಹೋದ್ರೆ, "ಇರ್ಲಿ ಬಿಡು, ಅದು ಈಗ್ಲೂ ಬರ್ತದೋ ಇಲ್ವೋ ನೋಡ್ಬೇಕು ನಂಗೆ" ಅಂದ್ರು. ಮೊನ್ನೆ ಬೆಳಿಗ್ಗೆ ಏಳಕ್ಕೇ ಫೋನ್. "ತಮ್ಮಾ, ನಿನ್ನ ಪೆಟ್ಟಿಗೇದು ಸೆಲ್ ಮುಗ್ದದೆ ಕಾಣ್ತದೆ, ಎರಡು ದಿನದಿಂದ ಫೋಟೋ ಇಲ್ಲ, ಬರುವಾಗ ಚಾರ್ಜ್ ಆಗಿದ್ದು ತಗೊಂಡು ಬಾ." ಸಂಜೆ ತಗೊಂಡು ಹೋಗಿ ಹಾಕಿ ಬಂದೆ.